ಯೆರವಡೆಯ ಹಕ್ಕಿಧಾಮಕ್ಕೆ ಹಕ್ಕುಪತ್ರವೆಲ್ಲಿ?

ಪುಣೆ ಎಂದೊಡನೆ ಶನಿವಾರವಾಡೆ, ಪರ್ವತಿಯ ಗುಡ್ಡ, ಹೆಸರಾಂತ ವಿದ್ಯಾಸಂಸ್ಥೆಗಳು, ಸವಾಯಿ ಗಂಧರ್ವ ಸಂಗೀತ ಮಹೋತ್ಸವ ಇವೆಲ್ಲ ಕಣ್ಣ ಮುಂದೆ ಬಂದು ನಿಲ್ಲುತ್ತವೆ. ಇವೆಲ್ಲಕ್ಕೂ ಮೊದಲೇ ಇಲ್ಲಿ ಎರಡು ನದಿಗಳು ಹರಿಯುತ್ತಿದ್ದವು. ಸಹ್ಯಾದ್ರಿಯ ಮಡಿಲಿನಿಂದ ಇಳಿದು ಬರುವ ಮುಳಾ ಮತ್ತು ಮುಠಾ ನದಿಗಳು ನಗರದ ನಡುವೆ ಸಂಗಮಿಸಿ, ಮುಳಾ-ಮುಠಾ ಎಂಬ ಜೋಡುಹೆಸರನ್ನು ಹೊತ್ತು ಪೂರ್ವಾಭಿಮುಖವಾಗಿ ಸಾಗುತ್ತವೆ. ಸಂಗಮದಿಂದ ಕೆಳಗೆ, ಸರ್ ಜಮ್ಷೇಟ್‌ಜಿ ಜೀಜೀಭಾಯಿಯವರ ದಾನದಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಲಾದ ಒಡ್ಡು ಇದೆ. ಅದರ ಬಳಿಯಲ್ಲೇ ಬಂಡ್ ಗಾರ್ಡನ್ ಉದ್ಯಾನ ಹಾಗೂ ಕಲ್ಲುಕಮಾನುಗಳ ಫಿಟ್ಜ್‌ಜೆರಾಲ್ಡ್ ಸೇತುವೆ. ಆ ಸೇತುವೆಯ ಕೆಳಭಾಗದಲ್ಲಿ, ನದಿಯ ಎಡದಂಡೆಯ ಮೇಲೆ, ಯೆರವಡೆ ಮತ್ತು ಕಲ್ಯಾಣಿ ನಗರಗಳ ಅಂಚಿನಲ್ಲಿ ಮರಗಳೂ ಪೊದೆಗಳೂ ಜೊಂಡುಹುಲ್ಲೂ ಕೆಸರುನೆಲವೂ ಕೂಡಿದ ಒಂದು ಪಟ್ಟಿ ಉಳಿದುಕೊಂಡಿದೆ. ಜನ ಅದನ್ನು ಡಾ. ಸಲೀಂ ಅಲಿ ಪಕ್ಷಿಧಾಮವೆಂದು ಕರೆಯುತ್ತಾರೆ.

ನಿತ್ಯ ಆ ದಾರಿಯಲ್ಲಿ ಕಚೇರಿಗೆ ಹೋಗಿಬರುವ ಸಹಸ್ರಾರು ಮಂದಿಯಲ್ಲಿ ಎಷ್ಟು ಜನ ಅದರ ಇರವನ್ನು ಬಲ್ಲರು? ಬಲ್ಲವರಲ್ಲಿಯೂ ಎಷ್ಟು ಜನ ಅದನ್ನು ನಗರಕ್ಕೆ ಬೇಕಾದ ಆಸ್ತಿಯೆಂದು ಎಣಿಸುತ್ತಾರೆ? ಹಕ್ಕಿಗಳ ಸಂರಕ್ಷಣೆಯೆಂದರೆ ಬಿಡುವಿದ್ದವರ ಹವ್ಯಾಸ, ಹೊಟ್ಟೆ ತುಂಬಿದವರ ವಿನೋದ ಎಂಬ ಭಾವನೆ ಸಮಾಜದಲ್ಲಿ ಬೇರೂರಿದೆ. ಆದರೆ ಈ ಸಣ್ಣ ಪಟ್ಟಿಯ ಅಳಿವು ಉಳಿವುಗಳಲ್ಲಿ ನಗರದ ಆರೋಗ್ಯವೂ, ನದಿಯ ಕೆಳಹರಿವಿನಲ್ಲಿರುವ ಕನ್ನಡ ನಾಡಿನ ಹಿತವೂ ಅಡಗಿವೆ. ಆದುದರಿಂದ ಪುಣೆಯ ಕನ್ನಡಿಗರು ಈ ವಿಷಯವನ್ನು ತಮ್ಮದೆಂದು ಭಾವಿಸಲು ಸಾಕಷ್ಟು ಕಾರಣಗಳಿವೆ.

ಕಾಡೂ ನೀರೂ ಕೂಡಿದ ನೆಲೆ

ಹಕ್ಕಿಗೆ ಬೇಕಾದುದು ಮೂರು: ಆಹಾರ, ಆಸರೆ, ಸಂತಾನಕ್ಕೆ ತಕ್ಕ ತಾಣ. ಬರಿಯ ನೀರಿದ್ದರೆ ಆಹಾರ ದೊರೆತೀತು, ಆಸರೆ ದೊರೆಯದು. ಬರಿಯ ಮರಗಳಿದ್ದರೆ ಆಸರೆ ದೊರೆತೀತು, ಮೀನು ದೊರೆಯದು. ಮರ ಮತ್ತು ನೀರು ಒಂದನ್ನೊಂದು ತಬ್ಬಿಕೊಂಡಿರುವ ಸ್ಥಳದಲ್ಲಿ ಮಾತ್ರ ಈ ಮೂರೂ ಒಟ್ಟಿಗೆ ಸಿಗುತ್ತವೆ. ನೀರುಕಾಗೆ ಹೊಳೆಯಲ್ಲಿ ಮುಳುಗಿ ಮೀನು ಹಿಡಿದ ಮೇಲೆ ತೊಯ್ದ ರೆಕ್ಕೆಗಳನ್ನು ಬಿಡಿಸಿ ಒಣಗಿಸಿಕೊಳ್ಳಲು ಕೊಂಬೆ ಬೇಕು. ಇರುಳುಬಕ ರಾತ್ರಿಯ ಬೇಟೆ ಮುಗಿಸಿ ಹಗಲೆಲ್ಲ ನಿದ್ರಿಸಲು ದಟ್ಟ ಎಲೆಗಳ ಮರೆ ಬೇಕು. ಬೆಳ್ಳಕ್ಕಿಗಳು ದಿನವೆಲ್ಲ ಕೆಸರಿನಲ್ಲಿ ಅಲೆದರೂ ಸಂಜೆಗೆ ಮರವನ್ನೇ ಸೇರಬೇಕು. ಮಿಂಚುಳ್ಳಿಗೆ ಬಿಲ ತೋಡಿ ಮೊಟ್ಟೆಯಿಡಲು ಸಿಮೆಂಟು ಮೆತ್ತದ ಮಣ್ಣಿನ ದಡವೇ ಆಗಬೇಕು. ಹುಂಡುಕೋಳಿ, ಜಂಬುಕೋಳಿಗಳಿಗೆ ಜೊಂಡಿನ ಮರೆಯಿಲ್ಲದಿದ್ದರೆ ಬದುಕೇ ಇಲ್ಲ.

ಅಕ್ಟೋಬರ್ ತಿಂಗಳು ಬಂತೆಂದರೆ ಉತ್ತರದ ಶೀತದೇಶಗಳಿಂದ ವಲಸೆ ಹಕ್ಕಿಗಳು ದಖ್ಖನಿನ ಜಲಾಶಯಗಳತ್ತ ಇಳಿಯತೊಡಗುತ್ತವೆ. ಬಾಲ ಕುಣಿಸುತ್ತ ನಡೆಯುವ ಸಿಪಿಲೆಗಳು, ನೀರಿನಂಚಿನ ಕೆಸರನ್ನು ಕೆದಕುವ ಗದ್ದೆಗೊರವಗಳು, ಕಾವಿಬಣ್ಣದ ಚಕ್ರವಾಕಗಳು ಮುಳಾ-ಮುಠೆಯ ತಗ್ಗುನೀರಿನಲ್ಲಿ ಚಳಿಗಾಲವನ್ನು ಕಳೆದು, ಬೇಸಗೆ ಕಾಲಿಡುತ್ತಿದ್ದಂತೆ ಮರಳಿ ಹೊರಡುತ್ತವೆ. ದಡದ ಮರಗಳಲ್ಲಿ ಹೊನ್ನಕ್ಕಿ, ಕುಟ್ರುಹಕ್ಕಿ, ಕೋಗಿಲೆ, ಹಾಲಕ್ಕಿಗಳ ಸಂಸಾರ ಬೇರೆ. ಹೊಟ್ಟೆಪಾಡಿಗಾಗಿ ದೂರದ ಊರಿನಿಂದ ಬಂದು, ಇಲ್ಲಿಯ ನೀರನ್ನು ನಂಬಿ ಬದುಕುವವರ ಕಷ್ಟಸುಖವನ್ನು ಪುಣೆಯ ಕನ್ನಡಿಗರಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಊರಿಗೆ ಬಂದವಳು ನೀರಿಗೆ ಬಾರದಿರಳೇ ಎಂಬ ಗಾದೆ ಹಕ್ಕಿಗಳಿಗೂ ಸಲ್ಲುತ್ತದೆ. ಆದರೆ ಆ ನೀರು ಯಾವ ಸ್ಥಿತಿಯಲ್ಲಿದೆ ಎಂಬುದೇ ಪ್ರಶ್ನೆ.

ಹೆಸರಿನ ಹಿಂದಿನ ಹಿರಿಮೆ

ಈ ತಾಣ ಹೊತ್ತಿರುವ ಹೆಸರು ಸಾಮಾನ್ಯವಾದುದಲ್ಲ. ಭಾರತದ ಪಕ್ಷಿಶಾಸ್ತ್ರದ ಪಿತಾಮಹರೆನಿಸಿದ ಡಾ. ಸಲೀಂ ಅಲಿಯವರು 1896ರ ನವೆಂಬರ್ 12ರಂದು ಮುಂಬಯಿಯಲ್ಲಿ ಜನಿಸಿದರು, 1987ರಲ್ಲಿ ನಿಧನರಾದರು. 1941ರಲ್ಲಿ ಪ್ರಕಟವಾದ ಅವರ ಭಾರತೀಯ ಪಕ್ಷಿಗಳ ಕೈಪಿಡಿಯು ಹಲವು ತಲೆಮಾರುಗಳಿಗೆ ಹಕ್ಕಿಗಳ ಗುರುತು ಹೇಳಿಕೊಟ್ಟ ಗ್ರಂಥ. 1976ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮವಿಭೂಷಣ ಪ್ರಶಸ್ತಿಯನ್ನಿತ್ತು ಗೌರವಿಸಿತು.

ಕನ್ನಡ ನಾಡಿಗೂ ಈ ಮಹನೀಯರಿಗೂ ಹಳೆಯ ನಂಟು. ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಯನ್ನು ಕೈಗೊಂಡ ಸಲೀಂ ಅಲಿಯವರು ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಗೂಡುಕಟ್ಟುವ ಹಕ್ಕಿಗಳ ಸಮೃದ್ಧಿಯನ್ನು ಕಂಡು, ಅಲ್ಲಿ ರಕ್ಷಣೆ ಅವಶ್ಯವೆಂದು ಸಂಸ್ಥಾನಕ್ಕೆ ಸಲಹೆಯಿತ್ತರು. ಅದರ ಫಲವೇ 1940ರಲ್ಲಿ ಘೋಷಿತವಾದ ರಂಗನತಿಟ್ಟು ಪಕ್ಷಿಧಾಮ. ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಟ್ಟಿದ ಅಣೆಕಟ್ಟೆಯ ಕಾರಣದಿಂದ ಉಂಟಾದ ನಡುಗಡ್ಡೆಗಳವು. ಅಂದರೆ ಮನುಷ್ಯನ ಕಟ್ಟಡಕ್ಕೂ ಹಕ್ಕಿಯ ಗೂಡಿಗೂ ಸಹಜವೈರವೇನೂ ಇಲ್ಲ. 2022ರಲ್ಲಿ ರಂಗನತಿಟ್ಟು ಅಂತರರಾಷ್ಟ್ರೀಯ ಮಹತ್ತ್ವದ ರಾಮ್ಸರ್ ಜೌಗುಪ್ರದೇಶಗಳ ಪಟ್ಟಿಗೂ ಸೇರಿತು. ಕಾವೇರಿಯಲ್ಲಿ ಸಲೀಂ ಅಲಿಯವರ ಒಂದು ಮಾತು ಎಂಟು ದಶಕಗಳ ರಕ್ಷಣೆಯಾಗಿ ಬೆಳೆಯಿತು. ಮುಳಾ-ಮುಠೆಯಲ್ಲಿ ಅವರ ಹೆಸರನ್ನೇ ಇಟ್ಟರೂ ರಕ್ಷಣೆ ದೊರೆಯಲಿಲ್ಲ. ಈ ವ್ಯತ್ಯಾಸದ ಮೂಲವನ್ನು ವಿಚಾರಿಸಬೇಕು.

ಮಲಿನ ನದಿಯ ಲೆಕ್ಕಾಚಾರ

ಪುಣೆಯ ಪರಿಸರತಜ್ಞ ದಿವಂಗತ ಪ್ರಕಾಶ ಗೋಳೆಯವರು ಮುಳಾ-ಮುಠೆಯ ಹಕ್ಕಿಗಳನ್ನು ದೀರ್ಘಕಾಲ ಅವಲೋಕಿಸಿದವರು. 1982ರಲ್ಲಿ ಇಕಾಲಜಿಕಲ್ ಸೊಸೈಟಿಯನ್ನು ಸ್ಥಾಪಿಸಿದವರು. ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ 1980ರ ದಶಕದಲ್ಲಿ ಅವರು ಬರೆದ ಪ್ರಬಂಧದ ವಿಷಯವೇ ಮಲಿನ ನದಿಯೊಂದರ ಹಕ್ಕಿಗಳು ಎಂಬುದು. ನಲವತ್ತು ವರ್ಷಗಳ ಹಿಂದೆಯೇ ಈ ನದಿಗೆ ಆ ವಿಶೇಷಣ ಅಂಟಿತ್ತೆಂಬುದು ಗಮನಿಸಬೇಕಾದ ಸಂಗತಿ.

ಇಲ್ಲಿ ಸಾಮಾನ್ಯರಿಗೆ ಒಂದು ಸಂದೇಹ ಹುಟ್ಟುವುದುಂಟು. ನದಿ ಅಷ್ಟು ಕೆಟ್ಟಿದ್ದರೆ ಅದರ ಮೇಲೆ ಇಷ್ಟೊಂದು ಹಕ್ಕಿಗಳೇಕೆ? ಉತ್ತರ ಸರಳವಾಗಿದೆ. ಚರಂಡಿಯ ನೀರಿನಲ್ಲಿ ಸಾವಯವ ಪದಾರ್ಥ ಹೇರಳ. ಅದನ್ನು ತಿಂದು ಹುಳುಗಳು ಹೆಚ್ಚುತ್ತವೆ. ಹುಳುಗಳನ್ನು ತಿನ್ನುವ ಕೆಲವೇ ಜಾತಿಯ ಹಕ್ಕಿಗಳು ಗುಂಪುಗಟ್ಟಿ ಬರುತ್ತವೆ. ನೀಳವಾದ ಕೆಂಪು ಕಾಲುಗಳ ಮೆಟ್ಟುಗಾಲು ಹಕ್ಕಿ ಕೊಳೆತ ನೀರಿನಲ್ಲಿಯೂ ಹಾಯಾಗಿ ಮೇಯಬಲ್ಲದು. ಕಾಗೆ, ಹದ್ದುಗಳಿಗೆ ಕಸದ ರಾಶಿಯೇ ಅನ್ನಸತ್ರ. ಅದೇ ವೇಳೆಗೆ ತಿಳಿನೀರಿನಲ್ಲಿ ಮೀನನ್ನು ಕಣ್ಣಿಟ್ಟು ಹಿಡಿಯಬೇಕಾದ ಜಾತಿಗಳು ಒಂದೊಂದಾಗಿ ಜಾಗ ಖಾಲಿ ಮಾಡುತ್ತವೆ. ವಹಿವಾಟು ದೊಡ್ಡದಾಗಿದ್ದ ಮಾತ್ರಕ್ಕೆ ಅಂಗಡಿ ಲಾಭದಲ್ಲಿದೆಯೆಂದು ಹೇಳಲಾಗದಷ್ಟೆ? ಹಾಗೆಯೇ ಹಕ್ಕಿಗಳ ಒಟ್ಟು ಸಂಖ್ಯೆಯಿಂದ ನದಿಯ ಆರೋಗ್ಯ ತಿಳಿಯದು. ಎಷ್ಟು ಜಾತಿಗಳಿವೆ, ಯಾವ ಜಾತಿಗಳು ಹೋದವು, ಯಾವುವು ಬಂದವು ಎಂಬ ಪಟ್ಟಿಯೇ ನಿಜವಾದ ಜಮಾಖರ್ಚು.

ನೀರಿನ ಮಾಲಿನ್ಯವನ್ನು ಅಳೆಯಲು ಜೈವಿಕ ಆಮ್ಲಜನಕ ಬೇಡಿಕೆ ಎಂಬ ಮಾನವಿದೆ. ಒಂದು ಲೀಟರ್ ನೀರಿನಲ್ಲಿರುವ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕಾಗುತ್ತದೆ ಎಂಬುದರ ಅಳತೆ ಅದು. ಸ್ನಾನಕ್ಕೆ ಯೋಗ್ಯವೆನಿಸಿದ ನೀರಿನಲ್ಲಿ ಅದು 3 ಮಿಲಿಗ್ರಾಂ ಮೀರಬಾರದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2018ರಲ್ಲಿ ಕಲುಷಿತ ನದಿಭಾಗಗಳ ಪಟ್ಟಿಯನ್ನು ಸಿದ್ಧಪಡಿಸಿದಾಗ, 30 ಮಿಲಿಗ್ರಾಂಗಿಂತ ಹೆಚ್ಚು ಕೊಳೆಯಿರುವ ಮೊದಲ ದರ್ಜೆಯಲ್ಲಿ ಮುಳಾ ಮತ್ತು ಮುಠಾ ಎರಡನ್ನೂ ಸೇರಿಸಿತು. ಆಮ್ಲಜನಕವೆಲ್ಲ ಕೊಳೆಗೆ ವೆಚ್ಚವಾದ ಮೇಲೆ ಮೀನು ಉಸಿರಾಡುವುದು ಹೇಗೆ? ಮೀನಿಲ್ಲದ ಮೇಲೆ ಮಿಂಚುಳ್ಳಿ ಬಾಳುವುದು ಹೇಗೆ?

ಆರೋಗ್ಯದ ನಂಟು

ಹಕ್ಕಿಗಳ ಚಿಂತೆಗೂ ಮನುಷ್ಯರ ಆರೋಗ್ಯಕ್ಕೂ ಏನು ಸಂಬಂಧವೆಂದು ಕೇಳುವವರು ನದೀತೀರದ ಜೌಗುನೆಲ ಮಾಡುವ ಕೆಲಸವನ್ನು ನೋಡಬೇಕು. ಶರೀರದಲ್ಲಿ ಮೂತ್ರಪಿಂಡಗಳು ರಕ್ತವನ್ನು ಸೋಸುವಂತೆ, ಜೊಂಡುಹುಲ್ಲಿನ ಬೇರುಗಳೂ ಅವುಗಳನ್ನು ಆಶ್ರಯಿಸಿದ ಸೂಕ್ಷ್ಮಜೀವಿಗಳೂ ಹರಿವ ನೀರಿನ ಹೂಳನ್ನು ತಡೆದು, ಕೊಳೆಯ ಒಂದಂಶವನ್ನು ಜೀರ್ಣಿಸಿಕೊಳ್ಳುತ್ತವೆ. ಇಡೀ ನಗರದ ಚರಂಡಿಯನ್ನು ಅವು ಶುದ್ಧಗೊಳಿಸಲಾರವೆಂಬುದು ನಿಜ; ಅದಕ್ಕೆ ಯಂತ್ರಸ್ಥಾವರಗಳೇ ಬೇಕು. ಆದರೆ ಇರುವ ಮೂತ್ರಪಿಂಡವನ್ನು ಕಿತ್ತೆಸೆದು ಯಂತ್ರವನ್ನೇ ನಂಬಿ ಕೂರುವ ರೋಗಿಯನ್ನು ಯಾವ ವೈದ್ಯನೂ ಮೆಚ್ಚಲಾರ.

ಎರಡನೆಯದು ಕೀಟಗಳ ಹಾವಳಿ. 2024ರ ಫೆಬ್ರುವರಿಯಲ್ಲಿ ಪಕ್ಷಿಧಾಮದ ಕೆಳಹರಿವಿನ ಕೇಶವನಗರ, ಮುಂಢವೆ, ಖರಾಡಿ ಪ್ರದೇಶಗಳಲ್ಲಿ ನದಿಯ ಮೇಲೆ ಸುಳಿಗಾಳಿಯಂತೆ ಎದ್ದುನಿಂತ ಕೀಟಸ್ತಂಭಗಳ ಚಿತ್ರಗಳು ದೇಶಾದ್ಯಂತ ಹರಡಿ ಜನರನ್ನು ದಿಗಿಲುಗೊಳಿಸಿದುವು. ನಿಂತ ಕೊಳೆನೀರು, ಅದರ ಮೇಲೆ ಹಾಸಿದಂತೆ ಬೆಳೆದ ಜಲಪರ್ಣಿ ಇವೆರಡೂ ಇಂಥ ಕೀಟಗಳ ತೊಟ್ಟಿಲು. ನದಿ ಜೀವಂತವಾಗಿದ್ದರೆ ಮೀನು, ಕಪ್ಪೆ, ಏರೋಪ್ಲೇನ್ ಚಿಟ್ಟೆ, ಬಾನಾಡಿ, ಬಾವಲಿಗಳ ಒಂದು ದೊಡ್ಡ ಪಡೆಯೇ ಮರಿಹುಳುಗಳನ್ನೂ ನುಸಿಗಳನ್ನೂ ತಿಂದು ಹದ್ದುಬಸ್ತಿನಲ್ಲಿಡುತ್ತದೆ. ಆ ಪಡೆಗೆ ಬಿಡಾರವಿಲ್ಲದಂತೆ ಮಾಡಿ, ಬಳಿಕ ಔಷಧಿ ಸಿಂಪಡಿಸುವವರಿಗಾಗಿ ಕಾಯುವುದು ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದಂತೆ.

ಮೂರನೆಯದು ಪ್ರವಾಹ. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು ಪುಣೆಯ ಹಳೆಯ ಪೇಠೆಗಳು ಮುಳುಗಿದ ಕಥೆಯನ್ನು ಹಿರಿಯರು ಇಂದಿಗೂ ಮರೆತಿಲ್ಲ. 2024ರ ಜುಲೈ 25ರಂದು ಭಾರೀ ಮಳೆ ಸುರಿದು, ಖಡಕವಾಸಲೆಯಿಂದ ನೀರು ಬಿಟ್ಟಾಗ ಸಿಂಹಗಡ ರಸ್ತೆಯ ಏಕತಾ ನಗರಿಯಂಥ ಬಡಾವಣೆಗಳಿಗೆ ನೀರು ನುಗ್ಗಿತು. ನದಿಯ ಪಕ್ಕದ ತಗ್ಗುನೆಲ ಖಾಲಿ ಬಿದ್ದಿರುವ ನಿವೇಶನವಲ್ಲ. ಮಳೆಗಾಲದಲ್ಲಿ ನದಿ ಕಾಲು ಚಾಚುವ ಅಂಗಳ ಅದು. ಅದನ್ನು ಮಣ್ಣು ಕಲ್ಲುಗಳಿಂದ ತುಂಬಿದಷ್ಟೂ ನೀರು ಎದುರುದಡದ ಅಥವಾ ಕೆಳಹರಿವಿನ ಮನೆಗಳನ್ನು ಹುಡುಕಿಕೊಂಡು ಹೋಗುತ್ತದೆ.

2025ರ ಜನವರಿಯಲ್ಲಿ ಪುಣೆಯನ್ನು ಕಾಡಿದ ಗಿಯಾಂ-ಬಾರೆ ವ್ಯಾಧಿಯನ್ನು ಇಲ್ಲಿ ನೆನೆಯಬೇಕು. ನರಗಳನ್ನು ದುರ್ಬಲಗೊಳಿಸುವ ಆ ವ್ಯಾಧಿಗೆ ತುತ್ತಾದವರ ಪರೀಕ್ಷೆಗಳಲ್ಲಿ, ಮಲಿನ ನೀರು ಆಹಾರಗಳಿಂದ ಹರಡುವ ಕ್ಯಾಂಪಿಲೋಬ್ಯಾಕ್ಟರ್ ಎಂಬ ಸೂಕ್ಷ್ಮಾಣು ಕಂಡುಬಂತು. ಕುಡಿಯುವ ನೀರಿನ ಮೂಲಗಳ ಮೇಲೆ ಎಲ್ಲರ ದೃಷ್ಟಿ ಹರಿಯಿತು. ಅದು ಪಕ್ಷಿಧಾಮದ ನದಿಯಿಂದ ಬಂದ ರೋಗವೆಂದು ಹೇಳುವಂತಿಲ್ಲ. ಆದರೆ ಕೊಳೆನೀರಿಗೂ ಕುಡಿವ ನೀರಿಗೂ ನಡುವೆ ಇರುವ ಗೋಡೆ ಎಷ್ಟು ತೆಳುವೆಂಬುದನ್ನು ಅದು ಮನದಟ್ಟು ಮಾಡಿಕೊಟ್ಟಿತು.

ಹಕ್ಕಿಗಳ ಮೇಲಿನ ಪ್ರೀತಿಯಿಂದ ದಿನಾಲೂ ಪಾರಿವಾಳಗಳಿಗೆ ಕಾಳು ಚೆಲ್ಲುವವರಿಗೂ ಒಂದು ಮಾತು. ಕಾಳಿನ ಆಸೆಗೆ ಮಿತಿಮೀರಿ ಹೆಚ್ಚುವ ಪಾರಿವಾಳಗಳ ಒಣಗಿದ ಹಿಕ್ಕೆಯ ಧೂಳು, ಗರಿಗಳ ಪುಡಿ ಉಸಿರಿನೊಂದಿಗೆ ಒಳಸೇರಿ ಕೆಲವರಲ್ಲಿ ಶ್ವಾಸಕೋಶದ ಉರಿಯೂತವನ್ನು ಉಂಟುಮಾಡುತ್ತದೆ. ಅಲಕ್ಷಿಸಿದರೆ ಶ್ವಾಸಕೋಶ ಶಾಶ್ವತವಾಗಿ ಗಡುಸಾಗುವ ಭಯವಿದೆ. ದಮ್ಮು, ಒಣಕೆಮ್ಮು ಬಿಡದೆ ಕಾಡುವವರು ವೈದ್ಯರಿಗೆ ಈ ಸಂಗತಿಯನ್ನು ತಪ್ಪದೆ ತಿಳಿಸಬೇಕು. ಬಾಲ್ಕನಿಯಲ್ಲಿ ಕಾಳು ಚೆಲ್ಲುವುದರಿಂದ ಪಕ್ಷಿಸಂರಕ್ಷಣೆ ಆಗದು. ಹಕ್ಕಿ ತನ್ನ ಅನ್ನವನ್ನು ತಾನೇ ಹುಡುಕಿಕೊಳ್ಳುವ ನೆಲೆಯನ್ನು ಉಳಿಸುವುದೇ ಸಂರಕ್ಷಣೆ.

ಹೆಸರುಂಟು, ಹಕ್ಕುಪತ್ರವಿಲ್ಲ

ಯೆರವಡೆಯ ತಾಣವನ್ನು ಜನ ಪಕ್ಷಿಧಾಮವೆಂದು ಕರೆದರೂ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಘೋಷಿತವಾದ ಅಭಯಾರಣ್ಯಗಳ ಸಾಲಿನಲ್ಲಿ ಅದಿಲ್ಲ. ಜೌಗುಪ್ರದೇಶಗಳ ರಕ್ಷಣೆಗೆಂದು 2017ರಲ್ಲಿ ರಚಿತವಾದ ಕೇಂದ್ರದ ನಿಯಮಾವಳಿಯಾದರೂ ನೆರವಿಗೆ ಬಂದೀತೇ ಎಂದರೆ, ನದಿಯ ಪಾತ್ರಗಳನ್ನು ಆ ನಿಯಮಾವಳಿಯ ವ್ಯಾಖ್ಯೆಯಿಂದ ಹೊರಗಿಡಲಾಗಿದೆ. ಹೀಗೆ ಕಾಡೆಂದರೆ ಕಾಡಲ್ಲ, ಕೆರೆಯೆಂದರೆ ಕೆರೆಯಲ್ಲ ಎಂಬಂತೆ ಈ ತಾಣ ಎರಡು ಕಾಯಿದೆಗಳ ಸಂದಿನಲ್ಲಿ ಸಿಕ್ಕಿಕೊಂಡಿದೆ. ಮನೆಗೆ ಸುಂದರವಾದ ಹೆಸರಿನ ಫಲಕ ತೂಗುಹಾಕಿದ್ದರೂ ಕ್ರಯಪತ್ರವಿಲ್ಲದಿದ್ದರೆ ಅದರ ಭದ್ರತೆಯೇನು?

ಇದರ ಪರಿಣಾಮ ಮೆಟ್ರೋ ರೈಲಿನ ವಿಷಯದಲ್ಲಿ ಸ್ಪಷ್ಟವಾಗಿ ಕಂಡಿತು. ವನಾಜ್‌ನಿಂದ ರಾಮವಾಡಿಗೆ ಹೋಗುವ ಮಾರ್ಗ ಮೊದಲಿನ ಯೋಜನೆಯಂತೆ ನಗರ ರಸ್ತೆಯಲ್ಲಿ ಆಗಾಖಾನ್ ಅರಮನೆಯ ಮುಂದಿನಿಂದ ಸಾಗಬೇಕಾಗಿತ್ತು. ಮಹಾದೇವ ದೇಸಾಯಿ ಹಾಗೂ ಕಸ್ತೂರಬಾ ಅವರು ಕೊನೆಯುಸಿರೆಳೆದ ಆ ಪವಿತ್ರಸ್ಥಳ 2003ರಿಂದ ರಾಷ್ಟ್ರೀಯ ಮಹತ್ತ್ವದ ಸ್ಮಾರಕ. ಅಂಥ ಸ್ಮಾರಕಗಳಿಂದ 100 ಮೀಟರ್ ಒಳಗೆ ನಿರ್ಮಾಣ ನಿಷಿದ್ಧವೆಂಬ ನಿಯಮವಿರುವುದರಿಂದ ಮಾರ್ಗವನ್ನು ಕಲ್ಯಾಣಿ ನಗರದ ಕಡೆಗೆ, ಅರ್ಥಾತ್ ಪಕ್ಷಿಧಾಮದ ಸಮೀಪಕ್ಕೆ ತಿರುಗಿಸಲಾಯಿತು. ಪಕ್ಷಿಪ್ರಿಯರೂ ನಿವಾಸಿಗಳೂ ಆಕ್ಷೇಪವೆತ್ತಿದರು. 2024ರ ಮಾರ್ಚ್ 6ರಂದು ಆ ಭಾಗ ಸಂಚಾರಕ್ಕೆ ತೆರೆಯಿತು. ಅರಮನೆಗೆ ಕಾಯಿದೆಯ ಕಾವಲಿತ್ತು, ರೈಲು ಸರಿದು ನಿಂತಿತು. ಹಕ್ಕಿಗಳಿಗೆ ಆ ಕಾವಲಿರಲಿಲ್ಲ. ಮೆಟ್ರೋ ನಗರಕ್ಕೆ ಬೇಕಾದ ಸೌಕರ್ಯವೇ; ಅದರ ಬಗ್ಗೆ ವಿವಾದವಿಲ್ಲ. ಕಾಗದಪತ್ರದ ಬಲವಿಲ್ಲದ ನೆಲ ಯಾವ ಯೋಜನೆಯ ಎದುರೂ ಮಾತಾಡಲಾರದು ಎಂಬುದಷ್ಟೇ ಇಲ್ಲಿಯ ಪಾಠ.

ಕಟ್ಟಡಗಳನ್ನು ಒಡೆದ ಇಟ್ಟಿಗೆ, ಗಾರೆ, ಮಣ್ಣುಗಳ ರಾಶಿಯನ್ನು ಪುಣೆಯಲ್ಲಿ ‘ರಾಡಾರೋಡಾ’ ಎನ್ನುತ್ತಾರೆ. ನದಿಯ ದಡಗಳಲ್ಲಿ ಇದನ್ನು ಗುಟ್ಟಾಗಿ ಸುರಿಯುವ ಚಾಳಿ ಹಲವು ವರ್ಷಗಳದು. ಪಕ್ಷಿಧಾಮವೂ ಇದರಿಂದ ತಪ್ಪಿಸಿಕೊಂಡಿಲ್ಲ. ಒಂದೊಂದು ಲಾರಿಯೂ ಒಂದಿಷ್ಟು ಕೆಸರುನೆಲವನ್ನು ಒಣನೆಲವಾಗಿಸುತ್ತದೆ. ಹನಿಗೂಡಿದರೆ ಹಳ್ಳ ಎಂಬ ಮಾತು ಒಳಿತಿಗೆ ಮಾತ್ರವಲ್ಲ, ಕೆಡುಕಿಗೂ ಅನ್ವಯಿಸುತ್ತದೆ.

ಇದರ ಜೊತೆಗೆ ನದೀತೀರ ಅಭಿವೃದ್ಧಿಯ ಬೃಹತ್ ಯೋಜನೆಯೊಂದು ನಡೆದಿದೆ. ಮೂರೂ ನದಿಭಾಗಗಳ ಸುಮಾರು 44 ಕಿಲೋಮೀಟರ್ ಉದ್ದಕ್ಕೆ ಪುಣೆ ಮಹಾನಗರಪಾಲಿಕೆ ಇದನ್ನು ರೂಪಿಸಿತು. 2022ರ ಮಾರ್ಚ್ 6ರಂದು ಪ್ರಧಾನಮಂತ್ರಿಗಳು ಶಂಕುಸ್ಥಾಪನೆ ಮಾಡಿದಾಗ, ಮೊದಲ 9 ಕಿಲೋಮೀಟರ್ ಭಾಗಕ್ಕೆ 1,080 ಕೋಟಿ ರೂಪಾಯಿಗೂ ಮಿಕ್ಕಿದ ವೆಚ್ಚವನ್ನು ಪ್ರಕಟಿಸಲಾಯಿತು. ಅದೇ ಸಂದರ್ಭದಲ್ಲಿ 1,470 ಕೋಟಿ ರೂಪಾಯಿಗಳ ಇನ್ನೊಂದು ಯೋಜನೆಯಲ್ಲಿ, ದಿನಕ್ಕೆ ಸುಮಾರು 40 ಕೋಟಿ ಲೀಟರ್ ಚರಂಡಿ ನೀರನ್ನು ಶುದ್ಧೀಕರಿಸಬಲ್ಲ 11 ಸ್ಥಾವರಗಳ ನಿರ್ಮಾಣವೂ ಘೋಷಿತವಾಯಿತು. ದಡಗಳನ್ನು ಭದ್ರಪಡಿಸಿ, ನಡೆದಾಡುವ ದಾರಿಗಳನ್ನೂ ಉದ್ಯಾನಗಳನ್ನೂ ಒದಗಿಸಿ, ಜನರನ್ನು ನದಿಗೆ ಹತ್ತಿರ ತರುವುದು ತನ್ನ ಉದ್ದೇಶವೆಂದು ಪಾಲಿಕೆ ಹೇಳುತ್ತದೆ. ಕಟ್ಟುಗೋಡೆಗಳಿಂದ ನದಿಯ ಪಾತ್ರ ಇಕ್ಕಟ್ಟಾಗುತ್ತದೆ, ದಡದ ಹಳೆಯ ಮರಗಳು ನಾಶವಾಗುತ್ತವೆ ಎಂಬುದು ಪರಿಸರವಾದಿಗಳ ವಾದ. 2023ರ ಏಪ್ರಿಲ್ 29ರಂದು ಸಾವಿರಾರು ನಾಗರಿಕರು ಮರಗಳ ಪರವಾಗಿ ಚಿಪ್ಕೋ ನಡಿಗೆಯಲ್ಲಿ ಪಾಲ್ಗೊಂಡರು. ವಿವಾದ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ಮೆಟ್ಟಿಲನ್ನೂ ಏರಿತು.

ಇಬ್ಬರ ವಾದವನ್ನೂ ತಾಳ್ಮೆಯಿಂದ ಕೇಳಿದವರಿಗೆ ಒಂದು ಮಾತು ಹೊಳೆಯದಿರದು. ಶುದ್ಧೀಕರಣ ಸ್ಥಾವರಗಳಿಗೆ ಯಾರ ವಿರೋಧವೂ ಇಲ್ಲ. ಅವು ಎಷ್ಟು ಬೇಗ ಪೂರ್ಣಗೊಂಡರೆ ಅಷ್ಟು ಒಳ್ಳೆಯದು. ನೀರು ಶುದ್ಧವಾದರೆ ದಡ ತಾನಾಗಿಯೇ ಸುಂದರವಾಗುತ್ತದೆ. ನೀರು ನಾರುತ್ತಿರುವಾಗ ದಡಕ್ಕೆ ಕಲ್ಲು ಹಾಸಿದರೆ ಅಲ್ಲಿ ಮನುಷ್ಯನೂ ಕೂರಲಾರ, ಹಕ್ಕಿಯೂ ಇಳಿಯದು.

ಕನ್ನಡ ನಾಡಿನ ಮೇಲ್ಪಂಕ್ತಿ

ಹಾಗಾದರೆ ಇಂಥ ತಾಣಗಳಿಗೆ ಕಾಯಿದೆಯ ಆಸರೆ ಒದಗಿಸಲು ದಾರಿಯೇ ಇಲ್ಲವೇ? ಉಂಟು, ಅದಕ್ಕೆ ಉದಾಹರಣೆಗಳು ಕನ್ನಡ ನಾಡಿನಲ್ಲಿಯೇ ದೊರೆಯುತ್ತವೆ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಿಸೆ, ಆಲದ ಮರಗಳಲ್ಲಿಯೇ ಗೂಡು ಕಟ್ಟುತ್ತವೆ. ಹಕ್ಕಿಗಳನ್ನು ಗ್ರಾಮಸ್ಥರು ತವರಿಗೆ ಬಾಣಂತನಕ್ಕೆ ಬಂದ ಮಗಳಂತೆ ಕಾಣುತ್ತಾರೆ. ಅವುಗಳ ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ. ಖಾಸಗಿ ಮರಗಳೇ ಹೆಚ್ಚಾಗಿರುವ ಆ ಊರನ್ನು 2007ರಲ್ಲಿ ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕಥೆ ಯೆರವಡೆಗೆ ಇನ್ನೂ ಹತ್ತಿರದ್ದು. ನೀರಾವರಿಗೆಂದು ಇದ್ದ ಸಾಧಾರಣ ಕೆರೆ ಅದು; ಕೆರೆಯಂಗಳದ ತುಂಬ ಕರಿಜಾಲಿಯ ಮರಗಳು. ಆ ಮುಳ್ಳುಮರಗಳ ಮೇಲೆಯೇ ಸಾವಿರಾರು ಹಕ್ಕಿಗಳು ಸಂಸಾರ ಹೂಡಿದವು. 2017ರಲ್ಲಿ ಅದು ಸಂರಕ್ಷಣಾ ಮೀಸಲು ಪ್ರದೇಶವಾಯಿತು. 2024ರಲ್ಲಿ ಮಾಗಡಿ ಕೆರೆ ಹಾಗೂ ಅಘನಾಶಿನಿ ಅಳಿವೆಗಳೊಂದಿಗೆ ರಾಮ್ಸರ್ ಪಟ್ಟಿಯನ್ನು ಸೇರಿತು. ಅದರ ವಿಸ್ತಾರ 100 ಹೆಕ್ಟೇರನ್ನೂ ಮುಟ್ಟುವುದಿಲ್ಲ. ಕೆಲಸಕ್ಕೆ ಬಾರದ ಜಾಲಿಯೆಂದು ಕಡೆಗಣಿಸಬಹುದಾಗಿದ್ದ ಮರಕ್ಕೆ ಜಗತ್ತಿನ ಮನ್ನಣೆ ದೊರೆಯಿತು.

ಮೂರನೆಯ ದಾರಿ 2002ರ ಜೀವವೈವಿಧ್ಯ ಕಾಯಿದೆಯಲ್ಲಿದೆ. ಅದರಡಿಯಲ್ಲಿ ರಾಜ್ಯ ಸರ್ಕಾರ ವಿಶಿಷ್ಟ ಸ್ಥಳಗಳನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಬಹುದು. ದೇವನಹಳ್ಳಿಯ ಬಳಿಯ ನಲ್ಲೂರು ಹುಣಿಸೆ ತೋಪಿಗೆ 2007ರಲ್ಲಿ ಈ ಪದವಿ ದೊರೆಯಿತು. ಸ್ವತಃ ಪುಣೆಯಲ್ಲಿಯೇ ಗಣೇಶಖಿಂಡ ಉದ್ಯಾನ 2020ರಲ್ಲಿ ಇದೇ ಪದವಿಯನ್ನು ಪಡೆಯಿತು. ಹೀಗಿರುವಾಗ ನದಿಯಾಚೆಯ ಯೆರವಡೆಯ ತಾಣಕ್ಕೆ ಅದು ಅಸಾಧ್ಯವೆಂದು ಹೇಳಲು ಕಾರಣವಿಲ್ಲ.

ನದಿ ಹರಿಯುವ ದಿಕ್ಕು

ಪುಣೆಯ ನದಿಯ ಚಿಂತೆ ಮಹಾರಾಷ್ಟ್ರೀಯರಿಗಿರಲಿ, ಕನ್ನಡಿಗರಿಗೇಕೆ ಎಂದು ಯಾರಾದರೂ ಕೇಳಿದರೆ ಭೂಪಟವನ್ನು ಬಿಡಿಸಿ ತೋರಿಸಬೇಕು. ಮುಳಾ-ಮುಠಾ ಥೇವೂರಿನ ಚಿಂತಾಮಣಿ ಗಣಪತಿಯ ಕ್ಷೇತ್ರವನ್ನು ಬಳಸಿ ಮುಂದೆ ಭೀಮೆಯನ್ನು ಕೂಡುತ್ತದೆ. ಭೀಮೆ 1980ರಲ್ಲಿ ಪೂರ್ಣಗೊಂಡ ಉಜನಿ ಜಲಾಶಯದಲ್ಲಿ ನಿಲ್ಲುತ್ತಾಳೆ. ಆ ಜಲಾಶಯದಿಂದಲೇ ಸೊಲ್ಲಾಪುರ ನಗರ ಕುಡಿಯುವ ನೀರನ್ನು ಪಡೆಯುತ್ತದೆ. ಅಲ್ಲಿ ಮನೆಮಾತಾಗಿ ಕನ್ನಡವನ್ನಾಡುವ ಸಂಸಾರಗಳಿಗೆ ಲೆಕ್ಕವಿಲ್ಲ. ಮುಂದೆ ಪಂಢರಪುರದಲ್ಲಿ ಚಂದ್ರಭಾಗೆಯೆಂಬ ಹೆಸರಿನಿಂದ ವಿಠ್ಠಲನ ಪಾದವನ್ನು ತೊಳೆದು, ವಿಜಯಪುರ ಕಲಬುರಗಿ ಜಿಲ್ಲೆಗಳನ್ನು ಪ್ರವೇಶಿಸಿ, ಗಾಣಗಾಪುರದ ದತ್ತಕ್ಷೇತ್ರ, ಸನ್ನತಿಯ ಬೌದ್ಧ ನೆಲೆಗಳನ್ನು ಹಾದು, ರಾಯಚೂರು ಜಿಲ್ಲೆಯ ಬಳಿ ಕೃಷ್ಣೆಯಲ್ಲಿ ಲೀನವಾಗುತ್ತಾಳೆ. ಕಲಬುರಗಿ ನಗರದ ನಲ್ಲಿಗಳಿಗೂ ಭೀಮೆಯ ನೀರು ಸೇರುತ್ತದೆ. ಪುಣೆಯ ಅಡುಗೆಮನೆಯಲ್ಲಿ ಬಳಸಿ ಚೆಲ್ಲಿದ ನೀರು ಕೊನೆಗೆ ಯಾರ ಊರಿನತ್ತ ಹೊರಟಿದೆಯೆಂಬುದು ಇದರಿಂದ ವಿದಿತವಾಗುತ್ತದೆ.

ಹಕ್ಕಿಗಳೂ ಇದೇ ನಂಟನ್ನು ಸಾರುತ್ತವೆ. ಉಜನಿಯ ಹಿನ್ನೀರಿನ ಭಿಗವಣದಲ್ಲಿ ಚಳಿಗಾಲ ಕಳೆಯಲು ರಾಜಹಂಸಗಳೊಡನೆ ಪಟ್ಟೆತಲೆ ಹೆಬ್ಬಾತುಗಳೂ ಬರುತ್ತವೆ. ಮಂಗೋಲಿಯಾ, ಟಿಬೆಟ್ ಕಡೆಗಳಲ್ಲಿ ಮರಿಮಾಡಿ, ಹಿಮಾಲಯವನ್ನೇ ಹಾರಿ ದಾಟುವ ಅದೇ ಹೆಬ್ಬಾತುಗಳ ಇನ್ನೊಂದು ಚಳಿಗಾಲದ ಬೀಡು ಗದಗ ಜಿಲ್ಲೆಯ ಮಾಗಡಿ ಕೆರೆ. ಪಂಡಿತ ಭೀಮಸೇನ ಜೋಶಿಯವರ ಗದಗ ಸೀಮೆಗೂ ಅವರು ಬಾಳಿ ಬೆಳಗಿದ ಪುಣೆಗೂ ನಡುವೆ ಸಂಗೀತದ ಹಾದಿಯೊಂದಿರುವಂತೆ, ಹಕ್ಕಿಗಳ ಹಾದಿಯೂ ಒಂದಿದೆ. ಆ ಹಾದಿಯ ಒಂದು ತಂಗುದಾಣ ಕೆಟ್ಟರೆ ದಣಿದ ಪ್ರಯಾಣಿಕರಿಗೆ ಮುಂದಿನದು ದೂರವಾಗುತ್ತದೆ.

ಕೈಲಾದ ಕಾರ್ಯಗಳು

ಸರ್ಕಾರ ಮಾಡಬೇಕಾದುದನ್ನು ಸರ್ಕಾರವೇ ಮಾಡಬೇಕು. ಆದರೂ ಗೃಹಸ್ಥರ ಕೈಯಲ್ಲಿರುವುದೂ ಅಲ್ಪವಲ್ಲ. ಮನೆ ದುರಸ್ತಿ ಮಾಡಿಸುವಾಗ ಹೊರಬಿದ್ದ ಮಣ್ಣುಇಟ್ಟಿಗೆಗಳು ಎಲ್ಲಿಗೆ ಹೋಗುತ್ತವೆಂದು ಗುತ್ತಿಗೆದಾರನನ್ನು ಕೇಳುವುದು. ಗೃಹನಿರ್ಮಾಣ ಸಂಘಗಳ ಸಭೆಯಲ್ಲಿ ತಮ್ಮ ಶುದ್ಧೀಕರಣ ಘಟಕ ನಿಜವಾಗಿ ನಡೆಯುತ್ತಿದೆಯೇ ಎಂದು ವಿಚಾರಿಸುವುದು. ಉಳಿದ ಗುಳಿಗೆ, ಔಷಧಿಗಳನ್ನು ಶೌಚಾಲಯಕ್ಕೆ ಸುರಿಯದಿರುವುದು. ನಿರ್ಮಾಲ್ಯವನ್ನು ಹೊಳೆಗೆ ಎಸೆಯದೆ ಗೊಬ್ಬರವಾಗಿಸುವುದು. ಸತ್ತ ಹಕ್ಕಿಯನ್ನು ಬರಿಗೈಯಿಂದ ಮುಟ್ಟದೆ ಪಾಲಿಕೆಗೆ ತಿಳಿಸುವುದು ಇವೆಲ್ಲ ಯಾರೂ ಮಾಡಬಹುದಾದವು.

ಇದಕ್ಕಿಂತಲೂ ಮುಖ್ಯವಾದುದು ದಾಖಲೆ. ಸಲೀಂ ಅಲಿಯವರ ಜನ್ಮದಿನವಾದ ನವೆಂಬರ್ 12ರ ಆಸುಪಾಸಿನಲ್ಲಿ, ಮತ್ತೆ ಫೆಬ್ರುವರಿಯಲ್ಲಿ, ದೇಶದ ಪಕ್ಷಿವೀಕ್ಷಕರು ಹಕ್ಕಿಗಳ ಗಣತಿಯಲ್ಲಿ ತೊಡಗುತ್ತಾರೆ. ಮಕ್ಕಳನ್ನು ಕರೆದುಕೊಂಡು ಬೆಳಗಿನ ಒಂದು ತಾಸು ನದಿಯ ದಡದಲ್ಲಿ ನಡೆದು, ಕಂಡ ಹಕ್ಕಿಗಳನ್ನು ತಾರೀಖಿನೊಡನೆ ಬರೆದಿಟ್ಟರೆ ಅದು ಶರೀರಕ್ಕೆ ವ್ಯಾಯಾಮ, ಮಕ್ಕಳಿಗೆ ಪಾಠ, ತಾಣಕ್ಕೆ ಸಾಕ್ಷ್ಯ. ಬೆಳ್ಳಕ್ಕಿ, ಮಿಂಚುಳ್ಳಿ, ಸಿಪಿಲೆ ಎಂಬ ಕನ್ನಡದ ಹೆಸರುಗಳೂ ಪುಣೆಯಲ್ಲಿ ಹುಟ್ಟಿದ ಮಕ್ಕಳ ನಾಲಗೆಗೆ ಬರುತ್ತವೆ. ನಗರದ ಅಭಿವೃದ್ಧಿ ಯೋಜನೆಯ ಕರಡು ಪ್ರಕಟವಾದಾಗ 1966ರ ಮಹಾರಾಷ್ಟ್ರ ನಗರ ರಚನಾ ಕಾಯಿದೆಯಂತೆ ಪ್ರತಿಯೊಬ್ಬ ನಾಗರಿಕನೂ ಸಲಹೆ, ಆಕ್ಷೇಪಗಳನ್ನು ಲಿಖಿತವಾಗಿ ಸಲ್ಲಿಸಬಹುದು. ಹತ್ತು ವರ್ಷಗಳ ಹಕ್ಕಿಪಟ್ಟಿಯೊಂದನ್ನು ಜೊತೆಗಿಟ್ಟ ಅರ್ಜಿಗೆ ಇರುವ ತೂಕ ಬರಿಯ ಭಾವುಕತೆಯ ಅರ್ಜಿಗೆ ಇರದು.

ಯೆರವಡೆಯ ಆ ಸಣ್ಣ ಪಟ್ಟಿಯಲ್ಲಿ ಇನ್ನೂ ಮರಗಳಿವೆ, ಇನ್ನೂ ಕೆಸರಿದೆ, ಅಕ್ಟೋಬರ್ ಬಂದಾಗ ಇಳಿದು ನೋಡುವ ಹಕ್ಕಿಗಳೂ ಇನ್ನೂ ಇವೆ. ಮಹನೀಯರೊಬ್ಬರ ಹೆಸರನ್ನು ಅದಕ್ಕೆ ಇಟ್ಟುದಾಯಿತು. ಆ ಹೆಸರಿಗೆ ತಕ್ಕ ಹಕ್ಕುಪತ್ರವನ್ನು ಒದಗಿಸಿಕೊಡುವ ಕಾರ್ಯದಲ್ಲಿ ಪುಣೆಯ ಮರಾಠಿ ಬಾಂಧವರೊಡನೆ ಕನ್ನಡಿಗರೂ ಹೆಗಲು ಕೊಟ್ಟರೆ, ಅದರ ಫಲ ಇಲ್ಲಿಯ ದಡಕ್ಕಷ್ಟೇ ನಿಲ್ಲದೆ, ನೀರಿನೊಡನೆ ಹರಿದು ಭೀಮಾತೀರದ ಊರುಗಳನ್ನೂ ಮುಟ್ಟೀತು.